ಹಬ್ಬ ಹತ್ತಿರ ಬಂದರೆ ಎದೆ ಡವಗುಟ್ಟುತ್ತದೆ, ನಾನು ನಾಟಕ ಆಡುತ್ತಿದ್ದೇನಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 37 ವರ್ಷ. ಚಿಕ್ಕಬಳ್ಳಾಪುರದಲ್ಲಿ ಮನೆ. ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಯಜಮಾನರು ಗೂಡ್ಸ್ ಟೆಂಪೊ ಓಡಿಸುತ್ತಾರೆ. ಅತ್ತೆ ಜೊತೆಯಲ್ಲೇ ಇದ್ದಾರೆ. 11 ವರ್ಷದ ಮಗಳು, 6 ವರ್ಷದ ಮಗ. ನನ್ನ ತವರು ಶಿಡ್ಲಘಟ್ಟದ ಕಡೆ ಒಂದು ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ.

ಆಷಾಢ ಮುಗಿಯಲು ಇನ್ನೂ ಒಂದು ವಾರ ಇದೆ ಅನ್ನುವಾಗಲೇ ನನಗೆ ಎದೆ ಡವಗುಟ್ಟಲು ಶುರುವಾಗುತ್ತದೆ. ಹೋದ ವರ್ಷ ವರಮಹಾಲಕ್ಷ್ಮಿಗೆ ಚೀಟಿ ಕೂಗಿ ಬೆಳ್ಳಿ ಮುಖವಾಡ ತಂದೆ. ಬೆಂಗಳೂರಿನ ವಾರಗಿತ್ತಿ ಮನೆಯಲ್ಲಿ ಅದು ಇದೆ ಅಂತ ಅತ್ತೆ ಎರಡು ಮೂರು ಸಲ ಹೇಳಿದ್ದರು. ಹಬ್ಬದ ದಿನ ಬೆಳಗಿನ ಜಾವ ಮೂರಕ್ಕೆ ಎದ್ದು ಒಂಬತ್ತು ಬಗೆ ಅಡುಗೆ ಮಾಡಿದೆ. ಅಲಂಕಾರದ ಫೋಟೊ ಸ್ಟೇಟಸ್‌ಗೆ ಹಾಕಿದೆ. ಎಲ್ಲರೂ ಚೆನ್ನಾಗಿದೆ ಅಂದರು. ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮೊಬೈಲಿನ ಆ್ಯಪ್ ನೋಡಿಕೊಂಡು ದಿನಾ ಹತ್ತು ನಿಮಿಷ ಧ್ಯಾನ ಮಾಡಿದೆ. ಕಣ್ಣು ಮುಚ್ಚಿದರೆ ಯೋಚನೆ ಇನ್ನೂ ಜಾಸ್ತಿ. ‘ಅನಿಸಿದ್ದನ್ನು ಹೇಳಿಬಿಡಿ, ನೀವು ನೀವಾಗಿರಿ’ ಅಂತ ಒಂದು ವಿಡಿಯೊದಲ್ಲಿ ಕೇಳಿ, ಗೌರಿ ಹಬ್ಬದ ದಿನ ಅತ್ತೆಗೆ ‘ನನಗೆ ಇದ್ಯಾವುದರಲ್ಲೂ ಮನಸ್ಸಿಲ್ಲ’ ಅಂದೆ. ಮೂರು ತಿಂಗಳು ಮನೆಯಲ್ಲಿ ಮಾತುಕತೆ ಸರಿ ಇರಲಿಲ್ಲ. ಹಬ್ಬ ಇಲ್ಲದ ದಿನಗಳಲ್ಲಿ ನಾನು ಚೆನ್ನಾಗಿಯೇ ಇರುತ್ತೇನೆ. ನಮ್ಮಮ್ಮ ಕಲಶ ಇಟ್ಟು, ಬೆಲ್ಲದನ್ನ ಮಾಡಿ, ಹುಳದ ಮನೆಗೆ ಓಡುತ್ತಿದ್ದಳು. ಆಗ ಹಬ್ಬ ಅಂದರೆ ಎಷ್ಟು ಖುಷಿ ಇತ್ತು. ಈಗ ಮನಸ್ಸಿಲ್ಲದೆ ಪೂಜೆ ಮಾಡುವುದು ನಾಟಕ ತಾನೆ? ನನಗೇನಾದರೂ ಕಾಯಿಲೆಯಾ? ಈ ಸಲ ಹಬ್ಬದ ದಿನ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಹೋಗಿಬಿಡಲಾ? ಮೊನ್ನೆ ಮಗಳು ‘ಅಮ್ಮ, ಹಬ್ಬ ಬಂದ್ರೆ ನೀನು ಯಾಕೆ ಸಿಡಿಸಿಡಿ ಅಂತೀಯ?’ ಅಂದಳು. ಅದೇ ಮನಸ್ಸಿನಲ್ಲಿ ಕೂತಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶ್ರಾವಣ ಹತ್ತಿರ ಬಂದಾಗ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಬ್ಬರು ತಲೆನೋವು ಅನ್ನುತ್ತಾರೆ, ಒಬ್ಬರು ನಿದ್ದೆ ಇಲ್ಲ ಅನ್ನುತ್ತಾರೆ. ಮಾತು ಬೆಳೆದ ಮೇಲೆ ಹಬ್ಬ ಆಚೆಗೆ ಬರುತ್ತದೆ. ಹಬ್ಬ ಅಂದರೆ ಭಯ ಅಂತ ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆ. ನೀವು ನೇರವಾಗಿ ಬರೆದಿದ್ದೀರಿ, ಅದಕ್ಕೆ ನಾನೂ ನೇರವಾಗಿಯೇ ಹೇಳುತ್ತೇನೆ.

ಮೊದಲು ಕಾಯಿಲೆಯ ಮಾತು. ಹಬ್ಬ ಇಲ್ಲದ ದಿನ ಚೆನ್ನಾಗಿಯೇ ಇರುತ್ತೇನೆ ಅಂತ ಬರೆದಿದ್ದೀರಿ. ಈ ಒಂದು ಸಾಲು ನನಗೆ ತುಂಬಾ ಹೇಳುತ್ತದೆ. ಖಿನ್ನತೆ ಆಗಿದ್ದರೆ ಅದು ಪಂಚಾಂಗ ನೋಡಿಕೊಂಡು ಬಂದು ಹೋಗುವುದಿಲ್ಲ. ನಿಮ್ಮದು ಒಂದು ನಿರ್ದಿಷ್ಟ ಸಂದರ್ಭಕ್ಕೆ ಅಂಟಿಕೊಂಡ ಒತ್ತಡ ಅನಿಸುತ್ತದೆ. ಆದರೂ ಎದೆ ಡವಗುಟ್ಟುವುದನ್ನು ಸುಮ್ಮನೆ ಮನಸ್ಸಿನ ಮೇಲೆ ಹಾಕಿ ಬಿಡಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯಿಡ್ ಒಂದು ಸಲ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯಿಡ್ ಏರುಪೇರಾಗಿದ್ದರೂ ಎದೆಬಡಿತ, ಸುಸ್ತು, ಸಿಡುಕು ಎಲ್ಲಾ ಬರುತ್ತವೆ. ಟೆನ್ಷನ್ ಅಂದುಕೊಂಡು ವರ್ಷಗಟ್ಟಲೆ ಸಹಿಸಿಕೊಂಡವರನ್ನು ನೋಡಿದ್ದೇನೆ. ಇನ್ನೊಂದು ಮಾತನ್ನೂ ನೆನಪಿಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟರೆ, ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬಂದರೆ, ಆಗ ಹಬ್ಬ ಕಳೆಯಲಿ ಅಂತ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಕೆಲಸ ಮಾಡುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಹೋಗಬಹುದು.

ಇನ್ನು ನಿಮ್ಮ ಸುಸ್ತಿನ ವಿಷಯ. ಅಡುಗೆ, ಅಲಂಕಾರ, ನೆಂಟರು ಅಂತ ಕೆಲಸ ಜಾಸ್ತಿ ಆಗಿದ್ದಕ್ಕೆ ಸುಸ್ತು ಅಂತ ನೀವು ಅಂದುಕೊಂಡಿರಬಹುದು. ಕೆಲಸ ಇದ್ದದ್ದು ನಿಜ. ಆದರೆ ಬರೀ ಕೆಲಸದಿಂದ ಆದ ಸುಸ್ತು ಮಲಗಿ ಎದ್ದರೆ ಹೋಗುತ್ತದೆ, ಬಚ್ಚಲಲ್ಲಿ ಅಳು ತರಿಸುವುದಿಲ್ಲ. ಹೋದ ವರ್ಷ ನೀವು ಒಟ್ಟಿಗೆ ಎರಡು ಕೆಲಸ ಮಾಡಿದ್ದೀರಿ. ಒಂದು ಹಬ್ಬ ಮಾಡುವುದು. ಇನ್ನೊಂದು, ಆ ಹಬ್ಬ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಪಕ್ಕದಲ್ಲಿ ನಿಂತು ಕಾವಲು ಕಾಯುವುದು. ಒಬ್ಬಟ್ಟು ಲಟ್ಟಿಸುವಾಗ ಅತ್ತೆ ಏನಂದಾರು. ಸೀರೆ ಉಡಿಸುವಾಗ ವಾರಗಿತ್ತಿ ಮನೆಯ ಅಲಂಕಾರ. ತಾಂಬೂಲ ಕೊಡುವಾಗ ಬ್ಲೌಸ್ ಪೀಸ್ ಅಗ್ಗದ್ದು ಅಂದುಕೊಂಡರಾ ಅನ್ನುವ ಅನುಮಾನ. ಮೊದಲನೆಯ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಎರಡನೆಯದು ರಾತ್ರಿ ನೀವು ನಲ್ಲಿ ಬಿಟ್ಟುಕೊಳ್ಳುವವರೆಗೂ ನಡೆಯುತ್ತಲೇ ಇತ್ತು.

ಇದರ ಮೇಲೆ ತಲೆಯೊಳಗಿನ ಪಟ್ಟಿ ಬೇರೆ. ಮಾವಿನೆಲೆ, ಬಾಳೆಕಂದು, ವೀಳ್ಯದೆಲೆ, ದಾರ, ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೇಳಿದ್ದೇನೆ, ಯಾರಿಗೆ ಹೇಳಿಲ್ಲ. ಈ ನೆನಪಿಟ್ಟುಕೊಳ್ಳುವ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೆಕ್ಕಕ್ಕೆ ಸಿಗುವ ಕೆಲಸವೇ ಎಷ್ಟು ಅಸಮ ಅಂತ ನೋಡಿ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಇದು ಮಾಮೂಲಿ ದಿನದ ಮಾತು, ಹಬ್ಬದ ದಿನದ್ದಲ್ಲ. ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮಗೆ ಬೇಕಾಗಿರುವುದು ಬರೀ ಧ್ಯಾನ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆಲಸ ಹಂಚಿಕೆ ಆಗದೆ ಮನಸ್ಸು ಒಂದೇ ಸುಧಾರಿಸಲಿ ಅನ್ನುವುದು ನಿಮಗೆ ಮಾಡುವ ಅನ್ಯಾಯ.

ಹೋಲಿಕೆಯ ವಿಷಯ ಬೇಗ ಮುಗಿಸುತ್ತೇನೆ. ಮನುಷ್ಯ ತನ್ನನ್ನು ಅಳೆದುಕೊಳ್ಳಲು ಹತ್ತಿರದವರನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ ಅಂತ ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದರು. ಅರಮನೆಯ ದಸರಾ ನೋಡಿ ನಿಮಗೆ ಹೊಟ್ಟೆ ಉರಿಯುವುದಿಲ್ಲ, ವಾರಗಿತ್ತಿಯ ಕಲಶ ನೋಡಿದರೆ ಉರಿಯುತ್ತದೆ. ಇದು ನಿಮ್ಮ ಗುಣದ ದೋಷ ಅಲ್ಲ. ಮೊದಲೆಲ್ಲ ಆ ಕಲಶ ನೋಡಲು ಅವರ ಮನೆಗೇ ಹೋಗಬೇಕಿತ್ತು. ಹೋದರೆ ಅಡುಗೆಮನೆಯ ರಾಶಿ ಪಾತ್ರೆಯೂ, ಅವರ ಕಣ್ಣಿನ ಕೆಳಗಿನ ಕಪ್ಪೂ ಕಾಣುತ್ತಿತ್ತು. ಸ್ಟೇಟಸ್‌ನಲ್ಲಿ ಅಲಂಕಾರ ಒಂದೇ ಕಾಣುತ್ತದೆ. ನಿಮ್ಮ ಫೋಟೊ ನೋಡಿದವರಿಗೂ ನಿಮ್ಮ ಬಚ್ಚಲು ಕಂಡಿಲ್ಲ ಅಲ್ವಾ?

ಈಗ ನಿಮ್ಮ ತವರಿಗೆ ಬರೋಣ. ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಅದೇ ಮುಖ್ಯ ಅನಿಸಿತು.

ಹುಳದ ಮನೆಯಲ್ಲಿ ಬೆಳೆದವರು ನೀವು. ಹುಳ ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಕಳೆದು ಎದ್ದ ಮೇಲೆ ಮನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನ ಬಹುಪಾಲನ್ನು ಹುಳ ಆ ಕೊನೆಯ ಹಂತದ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಆಮೇಲೆ ಹಣ್ಣಾಗುತ್ತದೆ. ಸೊಪ್ಪು ಮುಟ್ಟುವುದಿಲ್ಲ, ಮೈ ಕನ್ನಡಿಯ ಹಾಗೆ ತಿಳಿಯಾಗುತ್ತದೆ, ತಲೆ ಎತ್ತಿ ಆಸರೆ ಹುಡುಕುತ್ತದೆ. ಅಂಥದ್ದನ್ನು ಆರಿಸಿ, ಗೂಡು ಕಟ್ಟಲು ಇಡುವ ಚಂದ್ರಿಕೆ ತಟ್ಟೆಗೆ ಬಿಡಬೇಕು. ಎಳೆಯದನ್ನು ಬಿಟ್ಟರೆ ಗೂಡು ಚೆನ್ನಾಗಿ ಬರುವುದಿಲ್ಲ. ತಡವಾದರೆ ಹುಳ ಇದ್ದಲ್ಲೇ ನೂಲು ಬಿಟ್ಟು ಹಾಳು ಮಾಡುತ್ತದೆ. ನಿಮ್ಮಮ್ಮ ಆ ಹೊತ್ತಿನಲ್ಲಿ ಹೇಗೆ ಕೂತಿರುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ. ಕಣ್ಣು ಹುಳದ ಮೇಲೆ, ಬೆರಳು ಮೆತ್ತಗೆ. ಸಾಲದ ಚಿಂತೆ ಬಂದಿರುವುದಿಲ್ಲ ಅಂತಲ್ಲ. ಬಂದಿರುತ್ತದೆ. ಆದರೆ ಮುಂದಿನ ಹುಳ ಕಣ್ಣಿಗೆ ಬಿದ್ದ ಕೂಡಲೇ ಗಮನ ವಾಪಸ್ ಬರುತ್ತಿತ್ತು.

ಮೈಂಡ್‌ಫುಲ್‌ನೆಸ್ ಅಂತ ಆ್ಯಪ್‌ನವರು ಯಾವುದನ್ನು ಕರೆಯುತ್ತಾರೋ ಅದು ಇದೇ. ಪಾಲಿ ಭಾಷೆಯ ‘ಸತಿ’, ಸಂಸ್ಕೃತದ ‘ಸ್ಮೃತಿ’, ಬೌದ್ಧರ ಹಳೆಯ ಅಭ್ಯಾಸ. 1979ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಝಿನ್ ಅದನ್ನು ಬಹಳ ಕಾಲದ ನೋವಿನಿಂದ ಬಳಲುವವರಿಗಾಗಿ ಒಂದು ತರಬೇತಿಯಾಗಿ ರೂಪಿಸಿದರು. ಅಲ್ಲಿಂದ ಆಸ್ಪತ್ರೆಗಳಿಗೆ, ಆಮೇಲೆ ಮೊಬೈಲಿಗೆ ಬಂತು. ಬರುತ್ತಾ ಬರುತ್ತಾ ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿತು. ಯೋಚನೆ ನಿಲ್ಲಬೇಕು, ಮನಸ್ಸು ಖಾಲಿ ಆಗಬೇಕು ಅಂತ. ನಿಮ್ಮ ಹತ್ತು ನಿಮಿಷ ಸೋತದ್ದು ಇಲ್ಲಿಯೇ. ಯೋಚನೆಯನ್ನು ತಳ್ಳಿದಷ್ಟೂ ಅದು ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ‘ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ’ ಅಂದರು. ಕರಡಿ ಮತ್ತೆ ಮತ್ತೆ ಬರುತ್ತಲೇ ಇತ್ತು. ಇನ್ನು ಮನಸ್ಸು ಅಲೆಯುವುದು ನಿಮ್ಮೊಬ್ಬರಿಗೇ ಅಂದುಕೊಳ್ಳಬೇಡಿ. ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2010ರಲ್ಲಿ 2,250 ವಯಸ್ಕರನ್ನು ಫೋನ್ ಮೂಲಕ ಆಗಾಗ ವಿಚಾರಿಸಿದಾಗ, ಸುಮಾರು 47% ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆ ಕಡೆ ಇತ್ತು. ಹಾಗೆ ಅಲೆಯುವಾಗ ಖುಷಿಯೂ ಕಡಿಮೆ ಇತ್ತು.

ಅದಕ್ಕೆ ಆ್ಯಪ್ ಸದ್ಯ ಪಕ್ಕಕ್ಕಿಡಿ. ದಿನಕ್ಕೆ ಒಂದೇ ಕೆಲಸ ಆರಿಸಿಕೊಳ್ಳಿ. ಹೂ ಕಟ್ಟುವುದಾಗಬಹುದು, ರಂಗೋಲಿಯ ಚುಕ್ಕಿ ಇಡುವುದಾಗಬಹುದು, ಅವರೆಕಾಯಿ ಕಾಲದಲ್ಲಿ ಕಾಳು ಹಿತಕುವುದಾಗಬಹುದು. ಐದು ನಿಮಿಷ ಬರೀ ಆ ಕೆಲಸ. ಬೆರಳಿಗೆ ಏನು ತಾಗುತ್ತಿದೆ, ವಾಸನೆ ಏನು, ದಾರ ಎಷ್ಟು ಬಿಗಿ. ಮನಸ್ಸು ಓಡುತ್ತದೆ. ಓಡಿತು ಅಂತ ಗೊತ್ತಾದ ತಕ್ಷಣ ಬೈದುಕೊಳ್ಳದೆ ಕೈಯ ಕಡೆಗೆ ತನ್ನಿ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ತನ್ನಿ. ಹಾಗೆ ವಾಪಸ್ ತರುವುದೇ ಅಭ್ಯಾಸ. ಎದೆ ಡವಗುಟ್ಟುವಾಗ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ನಿಧಾನಕ್ಕೆ ಹೊರಗೆ. ಉಸಿರು ಬಿಡುವುದು ಉದ್ದವಾದರೆ ಎದೆಬಡಿತ ಇಳಿಯಲು ಸಹಾಯವಾಗುತ್ತದೆ. ಇದರಲ್ಲೂ ಒಂದು ಎಚ್ಚರಿಕೆ ಇದೆ. ಹಿಂದೆ ದೊಡ್ಡ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಕೂತರೆ ಹಳೆಯದೆಲ್ಲ ಮೇಲೆ ಬಂದು ಭಯ ಹೆಚ್ಚಾಗಬಹುದು. ಹಾಗೆ ಆದರೆ ಹಟ ಹಿಡಿದು ಮುಂದುವರಿಸಬಾರದು. ಕಣ್ಣು ತೆರೆದು, ಪಾದ ನೆಲಕ್ಕೆ ಒತ್ತಿ, ಸುತ್ತಲಿನ ನಾಲ್ಕು ವಸ್ತು ನೋಡಿ. ಆಮೇಲೆ ತಜ್ಞರ ಹತ್ತಿರ ಮಾತಾಡಿ.

ಮುಂದಿನದು ‘ನಾಟಕ’ ಅನ್ನುವ ಮಾತು. ಇದು ನಿಮ್ಮನ್ನು ಚುಚ್ಚುತ್ತಿದೆ ಅಂತ ಗೊತ್ತಾಗುತ್ತದೆ.

ನೀವು ಕೇಳಿದ ವಿಡಿಯೊ ಒಂದು ಅರ್ಧಸತ್ಯ ಹೇಳಿದೆ. ನೀವು ನೀವಾಗಿರಬೇಕು, ಸರಿ. ಆದರೆ ಅನಿಸಿದ್ದೆಲ್ಲ ಹೇಳಿಬಿಡುವುದೇ ನೀವಾಗಿರುವುದು ಅನ್ನುವುದು ತಪ್ಪು. ಅನಿಸುವುದು ಬೇರೆ, ಹೇಳುವುದು ಬೇರೆ, ಮಾಡುವುದು ಬೇರೆ. ಗೌರಿ ಹಬ್ಬದ ದಿನ ನೀವು ಅತ್ತೆಗೆ ಹೇಳಿದ್ದು ನಿಜವಾಗಿ ನಿಮ್ಮ ಮನಸ್ಸಿನ ಮಾತಾ? ನನಗೆ ಅನುಮಾನ. ‘ನನಗೆ ಇದ್ಯಾವುದರಲ್ಲೂ ಮನಸ್ಸಿಲ್ಲ’ ಅಂದವರೇ ತವರಿನ ಬೆಲ್ಲದನ್ನವನ್ನು ಇಷ್ಟು ಪ್ರೀತಿಯಿಂದ ನೆನೆಸಿಕೊಂಡಿದ್ದೀರಿ. ‘ಸುಸ್ತಾಗಿದೆ, ದುಡ್ಡಿಲ್ಲ, ನನ್ನನ್ನು ಬೇರೆಯವರ ಜೊತೆ ತೂಗಬೇಡಿ’ ಅನ್ನುವುದು ಒಳಗಿನ ಮಾತಾಗಿತ್ತು. ಬಾಯಿಗೆ ಬಂದದ್ದು ಕೋಪದ ಮಾತು. ಒಳಗಿನ ಮಾತು ಅತ್ತೆಗೆ ಇನ್ನೂ ತಲುಪಿಲ್ಲ.

ಬ್ರಿಟನ್ನಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1960ರ ಹೊತ್ತಿಗೆ ಮನುಷ್ಯನ ‘ನಿಜವಾದ ನಾನು’ ಮತ್ತು ‘ತೋರಿಕೆಯ ನಾನು’ ಬಗ್ಗೆ ಬರೆದರು. ಆರೋಗ್ಯವಾಗಿರುವವರಲ್ಲೂ ತೋರಿಕೆಯ ನಾನು ಇರುತ್ತದೆ, ಅದು ನಯ ವಿನಯದ ರೂಪದಲ್ಲಿರುತ್ತದೆ ಅಂದರು. ಬಂದವರಿಗೆ ನಗುತ್ತಾ ಕುಂಕುಮ ಕೊಡುವುದು ನಾಟಕ ಅಲ್ಲ. ಅತ್ತೆಯ ಖುಷಿಗಾಗಿ ಕಲಶ ಇಡುವುದೂ ನಾಟಕ ಅಲ್ಲ. ಅದು ನೀವು ಅವರಿಗೆ ತೋರುವ ಪ್ರೀತಿ ಅಂತ ನಿಮಗೆ ಗೊತ್ತಿದ್ದರೆ ಆಯಿತು. ತೋರಿಕೆಯವಳು ಮಾತ್ರ ಉಳಿದು, ಒಳಗಿನವಳಿಗೆ ಉಸಿರಾಡಲೂ ಜಾಗ ಇಲ್ಲದೆ ಹೋದಾಗ ತೊಂದರೆ. ನಿಮಗೆ ಹೋದ ವರ್ಷ ಜಾಗ ಸಿಕ್ಕಿದ್ದು ಬಚ್ಚಲಲ್ಲಿ ಮಾತ್ರ.

ಹಾಗಾದರೆ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಅಂತ ಹೇಗೆ ತಿಳಿಯುವುದು? ಒಂದು ಹಾಳೆ ತೆಗೆದುಕೊಳ್ಳಿ. ಹೋದ ವರ್ಷ ಮಾಡಿದ್ದೆಲ್ಲ ಬರೆಯಿರಿ, ಬ್ಲೌಸ್ ಪೀಸ್‌ವರೆಗೂ. ಪ್ರತಿಯೊಂದರ ಎದುರು ಕೇಳಿಕೊಳ್ಳಿ: ಯಾರಿಗೂ ಇದು ಕಾಣುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಅಂದರೂ ಮಾಡುತ್ತೇನಾ? ಹೌದು ಅಂದರೆ ಅದು ನಿಮ್ಮದು. ಇಲ್ಲ, ಆದರೆ ಮನೆಯ ಒಬ್ಬರಿಗೆ ಇದರಿಂದ ನಿಜವಾಗಿ ಸಂತೋಷ ಅಂದರೆ ಅದು ಅವರ ಪ್ರೀತಿಗೆ ಮಾಡುವುದು, ಎಷ್ಟು ಸಾಧ್ಯವೋ ಅಷ್ಟು ಇಟ್ಟುಕೊಳ್ಳಿ. ಮಿಕ್ಕಿದ್ದು ನೋಡುವವರಿಗಾಗಿ. ಚಿಂತಾಮಣಿ ಕಡೆಯ ಒಬ್ಬರಿಗೆ ಹೀಗೆ ಬರೆಸಿದಾಗ ಇಪ್ಪತ್ತಾರು ಸಾಲು ಬಂತು. ‘ನನ್ನದು’ ಅಂತ ಉಳಿದದ್ದು ಐದು. ಬಾಗಿಲಿಗೆ ತೋರಣ, ಹೂ ಕಟ್ಟುವುದು, ದಾರ, ಕೋಸಂಬರಿ, ಮತ್ತೆ ಮುಸ್ಸಂಜೆ ದೀಪ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂರುವುದು. ಆ ಹತ್ತು ನಿಮಿಷ ಅವರಿಗೆ ಆರು ವರ್ಷದಿಂದ ಸಿಕ್ಕಿರಲಿಲ್ಲವಂತೆ.

ಹಬ್ಬ ಕಡಿಮೆ ಮಾಡಿದರೆ ದೇವರಿಗೆ ಕೋಪ, ಮನೆಗೆ ಒಳ್ಳೆಯದಲ್ಲ ಅನ್ನುವ ಭಯವನ್ನೂ ನೋಡಬೇಕು. ನಮ್ಮ ಹಿರಿಯರ ಪದ್ಧತಿಯಲ್ಲೇ ಇದಕ್ಕೆ ಸಡಿಲ ಇದೆ. ಸೂತಕ ಬಂದರೆ, ಮುಟ್ಟಾದರೆ, ವರಮಹಾಲಕ್ಷ್ಮಿಯನ್ನು ಶ್ರಾವಣದ ಇನ್ನೊಂದು ಶುಕ್ರವಾರ ಮಾಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ನಮ್ಮಲ್ಲಿ ಈ ಹಬ್ಬದ ಪದ್ಧತಿಯೇ ಇಲ್ಲ ಅನ್ನುವ ಮನೆಗಳೂ ಇವೆ. ನಿಮ್ಮ ತವರಿನಲ್ಲಿ ಹುಳ ಹಣ್ಣಾದ ವಾರ ಹಬ್ಬ ಬಂದರೆ ಹಬ್ಬವೇ ಚಿಕ್ಕದಾಗುತ್ತಿತ್ತು. ಕಲಶ, ಬೆಲ್ಲದನ್ನ, ನಮಸ್ಕಾರ, ಮುಗಿಯಿತು. ನಮ್ಮ ಜಿಲ್ಲೆಯ ಹೂವಿನ ತೋಟದವರನ್ನು ಕೇಳಿ ನೋಡಿ. ವರಮಹಾಲಕ್ಷ್ಮಿಯ ಹಿಂದಿನ ದಿನ ಅವರಿಗೆ ಸೇವಂತಿಗೆ, ಗುಲಾಬಿ ಬಿಡಿಸುವುದೇ ಹಬ್ಬ. ಊರೆಲ್ಲ ಅಲಂಕಾರ ಮಾಡುವ ಹೂವನ್ನು ಕಿತ್ತವರ ಮನೆಯಲ್ಲಿ ಅವತ್ತು ಒಂದು ಮೊಳ ಹೂವಿನ ಪೂಜೆ. ಅವರ ಭಕ್ತಿ ಕಡಿಮೆ ಅಂತ ನಾವು ಯಾರೂ ಹೇಳುವುದಿಲ್ಲ.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ಎಲ್ಲಾ ಬಿಟ್ಟು ಹೋಗಿಬಿಡುವುದು ಒಂದು. ತಕ್ಷಣಕ್ಕೆ ಹಗುರ ಅನಿಸುತ್ತದೆ, ಸುಳ್ಳಲ್ಲ. ಕುಡಿದು ಹೊಡೆಯುವ, ಹಬ್ಬ ಬಂದರೆ ಬೈಗುಳದ ಮಳೆ ಸುರಿಸುವ ಮನೆಗಳಲ್ಲಿ ದೂರ ಹೋಗುವುದೇ ಸರಿ. ಅಂಥ ಕಷ್ಟದಲ್ಲಿರುವ ಬೇರೆ ಓದುಗರಿಗೆ ಮಹಿಳಾ ಸಹಾಯವಾಣಿ 181 ಇದೆ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ. ನೀವು ಹೇಳದೆ ಹೋದರೆ ಅತ್ತೆಗೆ ಅರ್ಥವಾಗುವುದು ‘ಸೊಸೆಗೆ ಮನೆ ಬೇಡ’ ಅಂತ ಮಾತ್ರ. ಗಣೇಶನ ಹಬ್ಬಕ್ಕೆ ಅದೇ ಗಂಟು ಇನ್ನೂ ಬಿಗಿಯಾಗಿ ಕಾದಿರುತ್ತದೆ. ಮನೆಯವರಿಗೆ ಮೊದಲೇ ಹೇಳಿ, ಮಾತಾಡಿಕೊಂಡು ಒಂದು ವರ್ಷ ತವರಿಗೆ ಹೋಗಿ ಹಬ್ಬ ಮಾಡುವುದಾದರೆ ಅದು ಬೇರೆ ವಿಷಯ.

ಎಲ್ಲಾ ಹಳೆಯ ಹಾಗೇ ಮಾಡುತ್ತಾ, ಜೊತೆಗೆ ಧ್ಯಾನ ಸೇರಿಸಿಕೊಳ್ಳುವುದು ಇನ್ನೊಂದು. ಹೋದ ವರ್ಷ ನೀವು ಮಾಡಿದ್ದು ಇದನ್ನೇ. ಮಾಡಬೇಕಾದ ಪಟ್ಟಿಗೆ ಇನ್ನೊಂದು ಬಾಬ್ತು ಸೇರಿತು, ಅಷ್ಟೆ.

ನನ್ನ ಅನುಭವದಲ್ಲಿ ಉಳಿದುಬರುವ ದಾರಿ ಹಬ್ಬವನ್ನು ಚಿಕ್ಕದು ಮಾಡುವುದು, ಅದೂ ಮೊದಲೇ ಹೇಳಿ ಮಾಡುವುದು. ಇದರಲ್ಲೂ ನೋವಿದೆ, ಮುಚ್ಚಿಡುವುದಿಲ್ಲ. ಮೊದಲ ವರ್ಷ ಯಾರಾದರೂ ಒಬ್ಬರು ‘ಯಾಕೆ ಈ ಸಲ ಇಷ್ಟೇನಾ?’ ಅಂದೇ ಅನ್ನುತ್ತಾರೆ. ನಿಮಗೂ ಏನೋ ತಪ್ಪು ಮಾಡಿದೆ ಅನ್ನುವ ಕಸಿವಿಸಿ ಬರುತ್ತದೆ. ಆ ಕಸಿವಿಸಿ ಬಂತು ಅಂದರೆ ತಪ್ಪು ಮಾಡಿದ್ದೀರಿ ಅಂತ ಅರ್ಥವಲ್ಲ, ಅಭ್ಯಾಸ ಮುರಿದಿದ್ದೀರಿ ಅಂತ. ಎರಡನೇ ವರ್ಷಕ್ಕೆ ಅದು ಎಷ್ಟೋ ಇಳಿಯುತ್ತದೆ.

ಅತ್ತೆಯ ಹತ್ತಿರ ಹಬ್ಬದ ವಾರ ಮಾತು ತೆಗೆಯಬೇಡಿ. ಆಷಾಢದಲ್ಲೇ, ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೂತಿರುವಾಗ ಹೇಳಿ. ವಾರಗಿತ್ತಿ, ನೆಂಟರು ಯಾರೂ ಇಲ್ಲದಾಗ. ತೆಲುಗೋ ಕನ್ನಡವೋ, ನಿಮ್ಮ ಮನೆ ಮಾತಲ್ಲೇ. ಮೊದಲು ಹೋದ ವರ್ಷದ ಮಾತಿಗೆ ಬೇಸರ ಹೇಳಿ, ಆಮೇಲೆ ವಿಷಯ. ‘ಅತ್ತೆ, ಗೌರಿ ಹಬ್ಬದಲ್ಲಿ ಹಾಗೆ ಅಂದಿದ್ದು ಸರಿಯಾಗ್ಲಿಲ್ಲ. ಹಬ್ಬ ಬೇಡ ಅಂತಲ್ಲ, ನನ್ ಕೈಲಿ ಅಷ್ಟೊಂದು ಆಗ್ತಿಲ್ಲ. ಈ ಸಲ ಒಬ್ಬಟ್ಟು, ಕೋಸಂಬರಿ, ಒಂದು ಚಿತ್ರಾನ್ನ ಮಾಡೋಣ. ನೀವು ಪೂಜೆಗೆ ಕೂತ್ಕೊಳಿ, ನಾನು ಪಕ್ಕದಲ್ಲಿ ಇರ್ತೀನಿ.’ ಇಷ್ಟೇ ಸಾಕು. ಕಾರಣಗಳ ಪಟ್ಟಿ ಕೊಟ್ಟರೆ ಒಂದೊಂದು ಕಾರಣದ ಮೇಲೂ ವಾದ ಶುರುವಾಗುತ್ತದೆ.

ಇನ್ನೊಂದು ಮಾತು ಕೇಳಿ. ಅತ್ತೆ ಬೆಳ್ಳಿ ಮುಖವಾಡದ ಮಾತು ಎತ್ತಿದ್ದು ನಿಮ್ಮನ್ನು ಚುಚ್ಚಲಿಕ್ಕೇ ಅಂತ ನೀವು ತೀರ್ಮಾನ ಮಾಡಿದ್ದೀರಿ. ಇರಬಹುದು. ಇಲ್ಲದೆಯೂ ಇರಬಹುದು. ನಾನು ಮಾತಾಡಿಸಿದ ಎಷ್ಟೋ ಅತ್ತೆಯರು ತಮ್ಮ ಕಾಲದಲ್ಲಿ ಅಕ್ಕಿ ಕೂಡ ಸಾಲ ತಂದು ಹಬ್ಬ ಮಾಡಿದವರು. ಅವರಿಗೆ ಬೆಳ್ಳಿ ಅಂದರೆ ‘ನಮ್ಮ ಮಕ್ಕಳು ಗೆದ್ದರು’ ಅನ್ನುವ ಸಮಾಧಾನ. ಅವರು ಮೊದಲ ಸಲ ಹಬ್ಬ ಮಾಡಿದ್ದು ಹೇಗೆ ಅಂತ ಒಂದು ಸಲ ಕೇಳಿ ನೋಡಿ. ಆ ಕತೆಯಲ್ಲಿ ಬೆಳ್ಳಿ ಬರುವುದು ಕಡಿಮೆ.

ಯಜಮಾನರ ಹತ್ತಿರ ‘ಸ್ವಲ್ಪ ಸಹಾಯ ಮಾಡಿ’ ಅಂತ ಕೇಳಬೇಡಿ. ಸಹಾಯ ಅಂದಾಗ ನೆನಪಿಡುವ ಕೆಲಸ ನಿಮ್ಮ ತಲೆಯಲ್ಲೇ ಉಳಿಯುತ್ತದೆ. ಒಂದು ಬಾಬ್ತನ್ನು ಪೂರ್ತಿ ಅವರಿಗೆ ಕೊಡಿ. ಟೆಂಪೊ ಓಡಿಸುವವರು, ಮಾರ್ಕೆಟ್ಟು ಅವರಿಗೆ ಚೆನ್ನಾಗಿ ಗೊತ್ತು. ‘ಹೂವು, ಹಣ್ಣು, ಎಲೆ, ಬಾಳೆಕಂದು ನಿಮ್ಮದು. ನಾನು ನೆನಪು ಮಾಡಲ್ಲ’ ಅಂತ ಹೇಳಿ, ಆಮೇಲೆ ನಿಜವಾಗಿಯೂ ನೆನಪು ಮಾಡಬೇಡಿ. ವೀಳ್ಯದೆಲೆ ಮರೆತರೆ ಮರೆಯಲಿ, ಪಕ್ಕದ ಮನೆಯಲ್ಲಿ ಸಿಗುತ್ತದೆ. ಅವತ್ತು ರಾತ್ರಿಯ ಪಾತ್ರೆಯೂ ಅವರದೇ ಆಗಲಿ. ಮಗ ಚಿಕ್ಕವನು, ಆದರೂ ಅಪ್ಪ ಪಾತ್ರೆ ತೊಳೆಯುವುದನ್ನು ನೋಡಲಿ.

ದುಡ್ಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ನೀವು ಲೆಕ್ಕ ಬರೆಯುವವರು, ನಿಮಗೆ ಹೇಳಬೇಕಿಲ್ಲ. ಚೀಟಿ ಬೇಗ ಕೂಗಿ ತೆಗೆದರೆ ಕೈಗೆ ಪೂರ್ತಿ ಮೊತ್ತ ಬರುವುದಿಲ್ಲ, ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು. ಹಬ್ಬದ ದಿನ ದೇವರ ಮುಂದೆ ಕೂತಾಗಲೂ ಆ ಕಂತು ನೆನಪಾಗುತ್ತದೆ. ಈ ವರ್ಷ ಹಬ್ಬಕ್ಕೆ ಎಷ್ಟು ಅಂತ ಒಂದು ಅಂಕಿ ಬರೆದು ಯಜಮಾನರ ಸಹಿ ಹಾಕಿಸಿ, ಗೋಡೆಗೆ ಅಂಟಿಸಿ. ಸಾಲ ಮಾಡಿ, ಒಡವೆ ಅಡ ಇಟ್ಟು ಹಬ್ಬ ಬೇಡವೇ ಬೇಡ. ಮುಖವಾಡ ಹೇಗೂ ಬಂದಾಗಿದೆ. ಕೋಪದಲ್ಲಿ ಮಾರಬೇಡಿ, ಅದರ ತಪ್ಪೇನಿಲ್ಲ. ಈ ಕಷ್ಟ ಹೆಂಗಸರಿಗೆ ಮಾತ್ರ ಅಂತಲೂ ಅಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ನೆಂಟರಿಗೆಲ್ಲ ಮಟನ್ ಊಟ ಹಾಕಲೇಬೇಕು ಅಂತ ಸಾಲ ಮಾಡಿ, ಮಳೆಗಾಲದವರೆಗೂ ತೀರಿಸುವ ಗಂಡಸರು ನನ್ನ ಹತ್ತಿರ ಬಂದಿದ್ದಾರೆ. ಅವರೂ ಅಂದದ್ದು ‘ನಾಲ್ಕು ಜನ ಏನಂತಾರೆ ಮೇಡಂ’ ಅಂತಲೇ.

ಹಬ್ಬದ ದಿನಕ್ಕೆ ಎರಡೇ ಸಲಹೆ. ಹಿಂದಿನ ರಾತ್ರಿ ನಿದ್ದೆ ಬಿಡಬೇಡಿ. ನಾಲ್ಕು ಗಂಟೆ ನಿದ್ದೆಯಲ್ಲಿ ಎದ್ದವರಿಗೆ ಸಿಡುಕು ಬರದಿದ್ದರೆ ಆಶ್ಚರ್ಯ. ಐದಕ್ಕೆ ಎದ್ದರೂ ಮೂರು ಬಗೆ ಅಡುಗೆ ಆಗುತ್ತದೆ. ಇನ್ನು ಫೋಟೊ ಬೇಕಾದಷ್ಟು ತೆಗೆಯಿರಿ, ಸ್ಟೇಟಸ್‌ಗೆ ಮಾರನೆಯ ದಿನ ಹಾಕಿ. ಅವತ್ತೇ ಹಾಕಿದರೆ ಯಾರು ನೋಡಿದರು, ಯಾರು ನೋಡಲಿಲ್ಲ ಅಂತ ಇಡೀ ದಿನ ಕೈ ಫೋನಿಗೆ ಹೋಗುತ್ತದೆ. ಮಾರನೆಯ ದಿನದ ಹೊತ್ತಿಗೆ ಹಾಕಬೇಕು ಅಂತಲೇ ಅನಿಸದಿರಬಹುದು.

ಮಾಮೂಲಿ ದಿನಗಳಲ್ಲೂ ಇದನ್ನು ರೂಢಿ ಮಾಡಿಕೊಳ್ಳಬೇಕು. ಶ್ರಾವಣಕ್ಕೆಂದೇ ಒಂದು ದಿನದಲ್ಲಿ ಇದು ಬರುವುದಿಲ್ಲ. ಕಚೇರಿಯಲ್ಲಿ ಯಾರಾದರೂ ಕೆಲಸ ಹೇಳಿದಾಗ ‘ಹೂಂ’ ಅನ್ನುವ ಮೊದಲು ಎರಡು ಉಸಿರಿನಷ್ಟು ನಿಲ್ಲಿ. ‘ನೋಡಿ ಹೇಳ್ತೀನಿ’ ಅನ್ನಿ. ಮನೆಯಲ್ಲಿ ಸುಸ್ತಾದಾಗ ಮುಖ ಊದಿಸಿಕೊಂಡು ಪಾತ್ರೆ ಕುಟ್ಟುವ ಬದಲು ‘ನನಗೆ ಸುಸ್ತಾಗಿದೆ’ ಅಂತ ಬಾಯಿಬಿಟ್ಟು ಹೇಳಿ. ಇಷ್ಟು ಚಿಕ್ಕ ಮಾತೇ ಎಷ್ಟು ಕಷ್ಟ ಅಂತ ನನಗೂ ಗೊತ್ತು. ನಾನು ಹೇಳಲು ಕಲಿತದ್ದು ನಲವತ್ತು ದಾಟಿದ ಮೇಲೆ.

ಕೊನೆಗೆ ಮಗಳ ಪ್ರಶ್ನೆ. ನೀವು ಅವಳಿಗೆ ಏನು ಉತ್ತರ ಕೊಟ್ಟಿರಿ ಅಂತ ಬರೆದಿಲ್ಲ. ಬಹುಶಃ ಏನೂ ಹೇಳಿಲ್ಲ. ಮಕ್ಕಳಿಗೆ ಉತ್ತರ ಸಿಗದಿದ್ದರೆ ತಾವೇ ಒಂದು ಉತ್ತರ ಮಾಡಿಕೊಳ್ಳುತ್ತಾರೆ, ಹೆಚ್ಚಾಗಿ ‘ನನ್ನಿಂದಲೇ ಅಮ್ಮನಿಗೆ ಕೋಪ’ ಅಂತ. ಇವತ್ತೇ ಅವಳನ್ನು ಹತ್ತಿರ ಕೂರಿಸಿಕೊಳ್ಳಿ. ‘ನೀನು ಕೇಳಿದ್ದು ಸರಿ ಪುಟ್ಟಿ. ಹಬ್ಬ ಬಂದ್ರೆ ನಂಗೆ ಎಲ್ಲಾ ಸರಿಯಾಗಿ ಆಗುತ್ತೋ ಇಲ್ವೋ ಅಂತ ಭಯ ಆಗುತ್ತೆ. ಅದಕ್ಕೇ ಸಿಡುಕ್ತೀನಿ. ನಿನ್ ಮೇಲೆ ಕೋಪ ಇಲ್ಲ’ ಅಂತ ಹೇಳಿ. ಹಾಗೇ, ಹೋದ ವರ್ಷದ ಹಬ್ಬದಲ್ಲಿ ನಿನಗೆ ಏನು ಇಷ್ಟ ಆಯಿತು ಅಂತ ಕೇಳಿ. ಈ ಪ್ರಶ್ನೆಯನ್ನು ನಾನು ತುಂಬಾ ಮಕ್ಕಳಿಗೆ ಕೇಳಿದ್ದೇನೆ. ಬೆಳ್ಳಿ ಅಂತ ಒಂದು ಮಗುವೂ ಹೇಳಿಲ್ಲ. ಕೈಗೆ ದಾರ ಕಟ್ಟಿಸಿಕೊಂಡಿದ್ದು, ಒಬ್ಬಟ್ಟಿನ ಹೂರಣ ಕದ್ದು ತಿಂದಿದ್ದು, ಅಮ್ಮನ ಪಕ್ಕ ಕೂತು ಹೂ ಕಟ್ಟಿದ್ದು. ನಿಮ್ಮ ಮಗಳು ಏನು ಹೇಳುತ್ತಾಳೋ ಅದನ್ನು ಆ ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.